ಓಎಸ್ ಇಲ್ಲದ ಕಂಪ್ಯೂಟರ್ ಕೊಳ್ಳುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಡಾಸ್ ಲ್ಯಾಪ್‌ಟಾಪ್, ಫ್ರೀಡಾಸ್, ನೋ ಓಎಸ್. ಹೆಸರು ಹಲವು, ಸಂಗತಿ ಒಂದೇ: ವಿಂಡೋಸ್ ಇಲ್ಲದೆ ಬರುವ ಯಂತ್ರ. ಓಎಸ್ ಅಂದರೆ ಆಪರೇಟಿಂಗ್ ಸಿಸ್ಟಮ್, ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್. ವಿಂಡೋಸ್ ಒಂದು ಓಎಸ್, ಲಿನಕ್ಸ್ ಇನ್ನೊಂದು, ಅದು ಉಚಿತ. ಇಂಥದ್ದನ್ನು ತಗೊಳ್ಳುವ ಮೊದಲು ಮತ್ತು ತಗೊಂಡ ಮೇಲೆ ಜನ ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ಮೊದಲಿನವು ಇನ್ನೂ ಯೋಚಿಸುತ್ತಿರುವವರಿಗೆ, ಕೊನೆಯವು ಆಗಲೇ ಪೆನ್‌ಡ್ರೈವ್ ಹಿಡಿದು ಕೂತವರಿಗೆ.

## ಕೊಳ್ಳುವ ಮೊದಲು

ಓಎಸ್ ಇಲ್ಲ ಅಂದ್ರೆ ಕಂಪ್ಯೂಟರ್ ಆನೇ ಆಗಲ್ವಾ?

ಆನ್ ಆಗುತ್ತದೆ. ಕಂಪನಿಯ ಲೋಗೋ ಬರುತ್ತದೆ, ಆಮೇಲೆ ಕಪ್ಪು ಸ್ಕ್ರೀನ್ ಮೇಲೆ ‘ನೋ ಬೂಟಬಲ್ ಡಿವೈಸ್’ ಅಂತಲೋ ಅದೇ ಅರ್ಥದ ಇನ್ನೊಂದು ಸಾಲೋ ಬಂದು ನಿಲ್ಲುತ್ತದೆ. ಯಂತ್ರ ಕೆಟ್ಟಿದೆ ಅಂತಲ್ಲ. ಮದರ್‌ಬೋರ್ಡ್‌ನಲ್ಲಿ ಯುಇಎಫ್‌ಐ ಅಂತ ಒಂದು ಸಣ್ಣ ಸಾಫ್ಟ್‌ವೇರ್ ಇರುತ್ತದೆ. ಅದನ್ನು ಈಗಲೂ ಎಲ್ಲರೂ ಬಯಾಸ್ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅದು ಎದ್ದು ಡಿಸ್ಕ್‌ನಲ್ಲಿ ಓಎಸ್ ಹುಡುಕಿದೆ, ಸಿಕ್ಕಿಲ್ಲ, ಅಷ್ಟೇ. ಆನ್ ಮಾಡಿದ ಕೂಡಲೇ ಎಫ್2 ಅಥವಾ ಡಿಲೀಟ್ ಕೀ ಒತ್ತಿದರೆ ಬಯಾಸ್ ತೆರೆದುಕೊಳ್ಳುತ್ತದೆ. ಕೆಲವು ಕಂಪನಿಗಳಲ್ಲಿ ಎಫ್10 ಅಥವಾ ಎಸ್ಕೇಪ್. ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಡಿಸ್ಕ್ ಯಾವುದು ಎಲ್ಲ ಅಲ್ಲೇ ಕಾಣುತ್ತದೆ. ಬಾಕ್ಸ್ ಮೇಲೆ ಬರೆದದ್ದೇ ಒಳಗಿದೆಯಾ ಅಂತ ನೋಡಲು ಓಎಸ್ ಬೇಕಿಲ್ಲ.

ಡಾಸ್ ಅಂತ ಬರೆದಿದ್ದಾರೆ. ಆ ಹಳೇ ಎಂಎಸ್-ಡಾಸಾ?

ಅಲ್ಲ, ಸಾಮಾನ್ಯವಾಗಿ ಅದು ಫ್ರೀಡಾಸ್. ಮೈಕ್ರೋಸಾಫ್ಟ್ ಎಂಎಸ್-ಡಾಸ್ ಕೈಬಿಡಲಿದೆ ಅಂತ ಗೊತ್ತಾದಾಗ 1994ರಲ್ಲಿ ಜಿಮ್ ಹಾಲ್ ಶುರು ಮಾಡಿದ ಉಚಿತ ಯೋಜನೆ ಅದು. 1.0 ಆವೃತ್ತಿ ಬಂದದ್ದು 2006ರಲ್ಲಿ. ಹಳೆಯ ಡಾಸ್ ಆಟ ಆಡೋಕೆ, ಹಳೆಯ ಸಾಫ್ಟ್‌ವೇರ್ ನಡೆಸೋಕೆ ಚೆನ್ನಾಗಿದೆ. ಹೊಸ ಲ್ಯಾಪ್‌ಟಾಪ್‌ನಲ್ಲಿ ದಿನದ ಕೆಲಸಕ್ಕೆ ಅದರಿಂದ ಏನೂ ಪ್ರಯೋಜನ ಇಲ್ಲ. ‘ಓಎಸ್: ಡಾಸ್’ ಅಂತ ಕಂಡರೆ ‘ಓಎಸ್: ಇಲ್ಲ’ ಅಂತಲೇ ಓದಿಕೊಳ್ಳಿ.

ಇದರಲ್ಲಿ ಒಂದು ತಮಾಷೆಯಿದೆ. ಫ್ರೀಡಾಸ್‌ಗೆ ಹಳೆಯ ಕಾಲದ, ಅಂದರೆ ಯುಇಎಫ್‌ಐಗೂ ಹಿಂದಿನ, ನಿಜವಾದ ಬಯಾಸ್ ಬೇಕು. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದಿಲ್ಲ. ಹಾಗಾಗಿ ಕೆಲವು ಮಾಡೆಲ್‌ಗಳಲ್ಲಿ ಸಣ್ಣದೊಂದು ಲಿನಕ್ಸ್ ಹಾಕಿ, ಅದರೊಳಗೆ ವರ್ಚುವಲ್ ಮೆಷಿನ್‌ನಲ್ಲಿ (ಸಾಫ್ಟ್‌ವೇರ್‌ನಲ್ಲೇ ಸೃಷ್ಟಿಸಿದ ನಕಲಿ ಕಂಪ್ಯೂಟರ್) ಫ್ರೀಡಾಸ್ ಓಡಿಸಿ ಮಾರುತ್ತಾರೆ!

ಬೇರ್‌ಬೋನ್ ಅಂತಲೂ ನೋಡಿದೆ. ಎರಡೂ ಒಂದೇನಾ?

ಅಲ್ಲ. ಬೇರ್‌ಬೋನ್‌ನಲ್ಲಿ ಓಎಸ್ ಮಾತ್ರ ಅಲ್ಲ, ಸಾಮಾನ್ಯವಾಗಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ (ಫೈಲ್‌ಗಳನ್ನು ಇಡುವ ಡಿಸ್ಕ್) ಕೂಡ ಇರುವುದಿಲ್ಲ. ಮಿನಿ ಪಿಸಿಗಳಲ್ಲಿ ಇದು ಜಾಸ್ತಿ. ಬೆಲೆ ಹೋಲಿಸುವಾಗ ಇವೆರಡನ್ನೂ ಸೇರಿಸಿ ಲೆಕ್ಕ ಹಾಕಿ.

ವಿಂಡೋಸ್ ಇಲ್ಲ ಅಂದ್ಮೇಲೆ ತುಂಬಾ ಅಗ್ಗ ಆಗ್ಬೇಕಲ್ವಾ? ವ್ಯತ್ಯಾಸ ಇಷ್ಟೇ ಯಾಕೆ?

ವಿಂಡೋಸ್ ಅನ್ನು ಬಿಡಿಯಾಗಿ ಕೊಂಡರೆ ಇಷ್ಟಾಗುತ್ತದೆ, ಹಾಗಾಗಿ ಅದಿಲ್ಲದ ಲ್ಯಾಪ್‌ಟಾಪ್ ಅಷ್ಟು ಕಡಿಮೆ ಇರಬೇಕು ಅಂತ ಎಲ್ಲರೂ ಲೆಕ್ಕ ಹಾಕುತ್ತಾರೆ. ಆದರೆ ಲ್ಯಾಪ್‌ಟಾಪ್ ಕಂಪನಿ ಆ ಬಿಡಿ ಬೆಲೆ ಕೊಡುವುದೇ ಇಲ್ಲ. ಸಗಟಾಗಿ ಲೈಸೆನ್ಸ್ ಕೊಳ್ಳುತ್ತದೆ, ಅದಕ್ಕೆ ಬೀಳುವ ಬೆಲೆ ತುಂಬಾ ಕಡಿಮೆ. ಮೇಲಾಗಿ ವಿಂಡೋಸ್ ಜೊತೆ ಆಂಟಿವೈರಸ್ ಟ್ರಯಲ್, ಆಟ, ಆ ಆ್ಯಪ್ ಈ ಆ್ಯಪ್ ಅಂತ ತುಂಬಿ ಕಳಿಸುತ್ತಾರಲ್ಲ, ಅದಕ್ಕೆ ಆ ಸಾಫ್ಟ್‌ವೇರ್‌ನವರು ದುಡ್ಡು ಕೊಡುತ್ತಾರೆ. ಓಎಸ್ ಇಲ್ಲದ ಯಂತ್ರದಲ್ಲಿ ಆ ಆದಾಯ ಇಲ್ಲ. ಒಮ್ಮೊಮ್ಮೆ ವಿಂಡೋಸ್ ಇರುವ ಮಾಡೆಲೇ ಆಫರ್‌ನಲ್ಲಿ ಕಡಿಮೆಗೆ ಸಿಗುವುದೂ ಉಂಟು.

ಹೆಸರು ಒಂದೇ ಇದ್ದರೆ ಒಳಗಿನ ಸಾಮಾನೂ ಒಂದೇ ಅಂತ ನಂಬಬೇಡಿ. ಡಾಸ್ ಮಾಡೆಲ್‌ನಲ್ಲಿ ರ‍್ಯಾಮ್ ಅರ್ಧ ಇರಬಹುದು, ಸ್ಕ್ರೀನ್ ಮಂಕಾಗಿರಬಹುದು, ಕೀಬೋರ್ಡ್‌ಗೆ ಲೈಟ್ ಇಲ್ಲದಿರಬಹುದು. ಪೂರ್ತಿ ಮಾಡೆಲ್ ನಂಬರನ್ನು ಕೊನೆಯ ಅಕ್ಷರದವರೆಗೆ ಹೋಲಿಸಿ ನೋಡಿ.

ಹಾಗಾದ್ರೆ ಇದನ್ನ ಯಾರು ತಗೋಬೇಕು?

ಲಿನಕ್ಸ್ ಬಳಸುವವರು, ಈಗಾಗಲೇ ವಿಂಡೋಸ್‌ನ ರಿಟೇಲ್ ಲೈಸೆನ್ಸ್ (ಬಿಡಿಯಾಗಿ ಕೊಂಡದ್ದು) ಇಟ್ಟುಕೊಂಡವರು, ಆಫೀಸಿನಿಂದ ಲೈಸೆನ್ಸ್ ಸಿಗುವವರು. ಇಷ್ಟೇ ಜನ. ವಿಂಡೋಸ್ ಬೇಕೇ ಬೇಕು, ಲೈಸೆನ್ಸ್ ಕೈಯಲ್ಲಿಲ್ಲ ಅಂತಾದರೆ ವಿಂಡೋಸ್ ಇರುವ ಯಂತ್ರವನ್ನೇ ತಗೊಳ್ಳಿ. ಆಮೇಲೆ ಬಿಡಿ ಲೈಸೆನ್ಸ್ ಕೊಂಡರೆ ಒಟ್ಟು ಖರ್ಚು ಜಾಸ್ತಿಯೇ ಆಗುತ್ತದೆ. ‘ಈಗ ಡಾಸ್ ತಗೊಳ್ತೀನಿ, ಆಮೇಲೆ ಯಾರತ್ರನಾದ್ರೂ ವಿಂಡೋಸ್ ಹಾಕಿಸ್ತೀನಿ’ ಅನ್ನುವವರಿಗೆ ಬೇಡ ಅಂತಲೇ ನಾನು ಹೇಳೋದು. ಆ ‘ಯಾರಾದ್ರೂ’ ಹಾಕಿಕೊಡುವುದು ಸಾಮಾನ್ಯವಾಗಿ ಕ್ರ್ಯಾಕ್ ಮಾಡಿದ್ದು, ಅಂದರೆ ಲೈಸೆನ್ಸ್ ಇಲ್ಲದೆ ಕಳ್ಳದಾರಿಯಲ್ಲಿ ನಡೆಯುವಂತೆ ಮಾಡಿದ್ದು.

ಎಲ್ಲಿ ಹುಡುಕಿದ್ರೂ ವಿಂಡೋಸ್ ಇರೋದೇ ಸಿಗುತ್ತೆ. ಯಾಕೆ ಹೀಗೆ?

ಇದಕ್ಕೆ ಹಳೆಯ ಕಥೆಯಿದೆ. ಒಂದು ಕಾಲದಲ್ಲಿ ಮೈಕ್ರೋಸಾಫ್ಟ್ ಕಂಪ್ಯೂಟರ್ ತಯಾರಕರ ಜೊತೆ ‘ಪ್ರತಿ ಪ್ರೊಸೆಸರ್’ ಲೆಕ್ಕದ ಒಪ್ಪಂದ ಮಾಡಿಕೊಳ್ಳುತ್ತಿತ್ತು. ಯಂತ್ರದಲ್ಲಿ ಬೇರೆ ಓಎಸ್ ಹಾಕಿದರೂ ಮೈಕ್ರೋಸಾಫ್ಟ್‌ಗೆ ದುಡ್ಡು ಕಟ್ಟಬೇಕು. ಹಾಗಿದ್ದ ಮೇಲೆ ಬೇರೆಯದನ್ನು ಯಾರು ಹಾಕುತ್ತಾರೆ? 1994ರಲ್ಲಿ ಅಮೆರಿಕದ ನ್ಯಾಯ ಇಲಾಖೆಯ ಜೊತೆ ಆದ ಒಪ್ಪಂದದಲ್ಲಿ ಈ ಪದ್ಧತಿ ನಿಂತಿತು. ಆದರೆ ಅಷ್ಟರಲ್ಲಿ ಕೊಳ್ಳುವವರಿಗೂ ಮಾರುವವರಿಗೂ ಅದೇ ರೂಢಿಯಾಗಿತ್ತು.

ಯುರೋಪಿನಲ್ಲಿ ಒಬ್ಬ ಗ್ರಾಹಕರು ಸೋನಿ ಲ್ಯಾಪ್‌ಟಾಪ್ ವಿಚಾರದಲ್ಲಿ ಇದನ್ನು ಕೋರ್ಟಿಗೆ ಒಯ್ದರು. ಓಎಸ್ ಹಾಕಿ ಮಾರುವುದು ತನ್ನಷ್ಟಕ್ಕೆ ಅನ್ಯಾಯದ ವ್ಯಾಪಾರ ಅಲ್ಲ, ಓಎಸ್‌ನ ಬೆಲೆಯನ್ನು ಬೇರೆಯಾಗಿ ತೋರಿಸದಿದ್ದರೂ ಗ್ರಾಹಕರ ದಾರಿ ತಪ್ಪಿಸಿದಂತಲ್ಲ ಅಂತ 2016ರಲ್ಲಿ ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಹೇಳಿತು. ನನಗಂತೂ ಆ ಎರಡನೇ ಮಾತು ಒಪ್ಪಿಗೆಯಿಲ್ಲ. ಬೆಲೆ ಬಿಡಿಸಿ ತೋರಿಸಿದ್ದರೆ ಹಿಂದಿನ ಪ್ರಶ್ನೆಗಳಲ್ಲಿ ಅರ್ಧ ಹುಟ್ಟುತ್ತಲೇ ಇರಲಿಲ್ಲ.

ಬೇರೆ ದಾರಿಗಳೂ ಇವೆ. ಸಿಸ್ಟಮ್76 ಕಂಪನಿ 2005ರಿಂದ ಲಿನಕ್ಸ್ ಕಂಪ್ಯೂಟರ್ ಮಾರುತ್ತಿದೆ. 2012ರಲ್ಲಿ ಡೆಲ್ ತನ್ನ ಎಕ್ಸ್‌ಪಿಎಸ್ 13ರ ಡೆವಲಪರ್ ಎಡಿಷನ್ ಅನ್ನು ಉಬುಂಟು ಅನ್ನುವ ಲಿನಕ್ಸ್ ಹಾಕಿ ತಂದಿತು. ಫ್ರೇಮ್‌ವರ್ಕ್ ಲ್ಯಾಪ್‌ಟಾಪ್ ಶುರುವಾದ 2021ರಿಂದಲೇ ಓಎಸ್ ಇಲ್ಲದೆ ನಾವೇ ಜೋಡಿಸಿಕೊಳ್ಳುವ ರೂಪದಲ್ಲೂ ಬರುತ್ತಿದೆ. ಇನ್ನು ಬಿಡಿ ಭಾಗ ಜೋಡಿಸಿದ ಡೆಸ್ಕ್‌ಟಾಪ್‌ಗೆ ಓಎಸ್ ಬೇಕು ಅಂತ ನೀವೇ ಹೇಳಿದರೆ ಮಾತ್ರ ಹಾಕುತ್ತಾರೆ.

ವಿಂಡೋಸ್ ಇರೋದನ್ನೇ ತಗೊಂಡು, ಅದು ಬೇಡ ಅಂತ ದುಡ್ಡು ವಾಪಸ್ ಕೇಳ್ಬಹುದಾ?

ಕೇಳಬಹುದು, ಸಿಗುವುದು ಕಷ್ಟ. 1999ರ ಫೆಬ್ರವರಿ 15ರಂದು ‘ವಿಂಡೋಸ್ ರಿಫಂಡ್ ಡೇ’ ಅಂತ ಮಾಡಿ ಲಿನಕ್ಸ್ ಬಳಕೆದಾರರು ಮೈಕ್ರೋಸಾಫ್ಟ್ ಕಚೇರಿಗಳಿಗೇ ಹೋಗಿದ್ದರು. ಈಗಿನ ಲೈಸೆನ್ಸ್ ಷರತ್ತಿನಲ್ಲಿ ವಿಷಯವನ್ನು ತಯಾರಕರ ತಲೆಗೆ ಕಟ್ಟಿದ್ದಾರೆ. ಷರತ್ತು ಒಪ್ಪದಿದ್ದರೆ ಅವರ ವಾಪಸಾತಿ ನಿಯಮ ಕೇಳಿ, ಇಡೀ ಯಂತ್ರವನ್ನೇ ಹಿಂದಿರುಗಿಸಬೇಕಾದೀತು ಅಂತ ಅದರಲ್ಲೇ ಬರೆದಿದೆ. ಪ್ರಯತ್ನಿಸುವುದಾದರೆ ಮೊದಲ ಸಲ ಆನ್ ಮಾಡಿದಾಗ ಬರುವ ‘ಆಕ್ಸೆಪ್ಟ್’ ಬಟನ್ ಒತ್ತಬೇಡಿ. ಒತ್ತಿದ ಮೇಲೆ ಕೇಳಲು ಏನೂ ಉಳಿಯುವುದಿಲ್ಲ.

ನಾನೇ ಓಎಸ್ ಹಾಕಿಕೊಂಡ್ರೆ ವಾರಂಟಿ ಹೋಗುತ್ತಾ?

ಇಲ್ಲ. ಹಾರ್ಡ್‌ವೇರ್ ವಾರಂಟಿಗೂ ಓಎಸ್‌ಗೂ ಸಂಬಂಧ ಇಲ್ಲ. ಓಎಸ್ ಇಲ್ಲದ್ದು ಅಂತಲೇ ಮಾರಿದ ಮೇಲೆ ನೀವು ಒಂದನ್ನು ಹಾಕಿಕೊಳ್ಳಲೇಬೇಕಲ್ಲ. ಆದರೆ ನೀವು ಹಾಕಿದ ಓಎಸ್‌ನಲ್ಲಿ ಸೌಂಡ್ ಬರಲ್ಲ ಅಂದರೆ ಸರ್ವಿಸ್‌ನವರು ‘ಅದು ನಮ್ಮದಲ್ಲ’ ಅನ್ನಬಹುದು. ಬಯಾಸ್‌ನಲ್ಲಿರುವ ಡಯಾಗ್ನೋಸ್ಟಿಕ್ಸ್ ನಡೆಸಿ, ಅಲ್ಲಿ ಬಂದ ಎರರ್ ಕೋಡ್ ಹೇಳಿ. ಆಗ ವಾದ ಮಾಡೋಕೆ ಜಾಗ ಇರಲ್ಲ.

## ಯಾವ ಓಎಸ್, ಯಾವ ಲೈಸೆನ್ಸ್

ನನ್ನ ಹಳೇ ಲ್ಯಾಪ್‌ಟಾಪ್‌ನ ವಿಂಡೋಸ್ ಕೀ ಇದಕ್ಕೆ ಹಾಕ್ಬಹುದಾ?

ಆ ವಿಂಡೋಸ್ ಲ್ಯಾಪ್‌ಟಾಪ್ ಜೊತೆಗೇ ಬಂದಿದ್ದರೆ ಅದು ಓಇಎಂ ಲೈಸೆನ್ಸ್. ಅದು ಆ ಮದರ್‌ಬೋರ್ಡ್‌ಗೆ ಅಂಟಿಕೊಂಡದ್ದು, ಬೇರೆ ಯಂತ್ರಕ್ಕೆ ಒಯ್ಯುವಂತಿಲ್ಲ. ವಿಂಡೋಸ್ 8ರ ಕಾಲದಿಂದ, ಅಂದರೆ 2012ರಿಂದ, ಕಂಪನಿಗಳು ಕೀಯನ್ನು ಬಯಾಸ್ ಒಳಗೇ ಬರೆದಿಡುತ್ತವೆ. ಹಾಗಾಗಿಯೇ ಆ ಯಂತ್ರಗಳಲ್ಲಿ ಫಾರ್ಮ್ಯಾಟ್ ಮಾಡಿ ಮತ್ತೆ ಹಾಕಿದರೂ ವಿಂಡೋಸ್ ಕೀ ಕೇಳುವುದಿಲ್ಲ. ಡಾಸ್ ಲ್ಯಾಪ್‌ಟಾಪ್‌ನ ಬಯಾಸ್‌ನಲ್ಲಿ ಆ ಕೀ ಇರುವುದಿಲ್ಲ.

ರಿಟೇಲ್ ಲೈಸೆನ್ಸ್ ಆದರೆ ಹಳೆಯದರಿಂದ ತೆಗೆದು ಹೊಸದಕ್ಕೆ ಹಾಕಬಹುದು, ಒಂದು ಸಲಕ್ಕೆ ಒಂದೇ ಯಂತ್ರ. ವಿಂಡೋಸ್ 7 ಅಥವಾ 8ರ ಕೀ ಕೊಟ್ಟು 10 ಅಥವಾ 11 ಆಕ್ಟಿವೇಟ್ ಮಾಡುವ ದಾರಿಯನ್ನು ಮೈಕ್ರೋಸಾಫ್ಟ್ 2023ರಲ್ಲಿ ಮುಚ್ಚಿದೆ.

ಆನ್‌ಲೈನ್‌ನಲ್ಲಿ ಚಿಲ್ಲರೆ ದುಡ್ಡಿಗೆ ಕೀ ಮಾರ್ತಾರೆ. ಕೆಲಸನೂ ಮಾಡುತ್ತೆ. ತಗೊಳ್ಳಲಾ?

ಆಕ್ಟಿವೇಟ್ ಆಗುತ್ತದೆ, ನಿಜ. ಆಕ್ಟಿವೇಟ್ ಆಯಿತು ಅಂದ ಮಾತ್ರಕ್ಕೆ ಲೈಸೆನ್ಸ್ ನಿಮ್ಮದಾಗುವುದಿಲ್ಲ. ಇಂಥ ಎಷ್ಟೋ ಕೀಗಳು ಯಾವುದೋ ಸಂಸ್ಥೆಗೆ ಹಲವು ಯಂತ್ರಗಳಿಗೆಂದು ಕೊಟ್ಟ ವಾಲ್ಯೂಮ್ ಕೀಗಳು, ಇಲ್ಲವೇ ಡೆವಲಪರ್‌ಗಳಿಗೆ ಪರೀಕ್ಷೆಗಾಗಿ ಕೊಟ್ಟವು. ಒಂದೇ ಕೀಯನ್ನು ಹತ್ತಾರು ಜನಕ್ಕೆ ಮಾರಿರುತ್ತಾರೆ. ಮೈಕ್ರೋಸಾಫ್ಟ್ ಆ ಕೀಯನ್ನು ಬ್ಲಾಕ್ ಮಾಡಿದ ದಿನ ಮಾರಿದವರು ಸಿಗುವುದಿಲ್ಲ.

ಅಂಗಡಿಯವರೇ ವಿಂಡೋಸ್ ಹಾಕಿ ಕೊಟ್ಟಿದ್ದಾರೆ. ಒರಿಜಿನಲ್ಲಾ ಅಂತ ಹೇಗೆ ನೋಡೋದು?

ಮೊದಲು ಬಿಲ್ ನೋಡಿ. ವಿಂಡೋಸ್‌ಗೆ ಬೇರೆ ಸಾಲು ಇಲ್ಲ, ಯಂತ್ರ ಡಾಸ್ ಅಂತಲೇ ಇದೆ ಅಂದರೆ ಅನುಮಾನಪಡಬೇಕು. ಯಾರೂ ಸುಮ್ನೆ ಲೈಸೆನ್ಸ್ ದಾನ ಮಾಡುವುದಿಲ್ಲ.

ಆಮೇಲೆ ಕಮಾಂಡ್ ಪ್ರಾಂಪ್ಟ್ ತೆಗೆದು ಎಸ್-ಎಲ್-ಎಂ-ಜಿ-ಆರ್ ಅಂತ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಒಂದು ಸ್ಪೇಸ್, ಒಂದು ಓರೆ ಗೆರೆ (ಪ್ರಶ್ನೆ ಚಿಹ್ನೆಯ ಕೀಯಲ್ಲಿರುವುದು), ಅದಕ್ಕೆ ಅಂಟಿಸಿ ಡಿ-ಎಲ್-ಐ. ಎಂಟರ್ ಒತ್ತಿದರೆ ಸಣ್ಣ ಕಿಟಕಿ ಬರುತ್ತದೆ. ಅದರಲ್ಲಿ ‘ರಿಟೇಲ್ ಚಾನೆಲ್’ ಅಥವಾ ‘ಓಇಎಂ’ ಅಂತ ಇದ್ದರೆ ಪರವಾಗಿಲ್ಲ. ‘ವಾಲ್ಯೂಮ್’ ಮತ್ತು ‘ಕೆಎಂಎಸ್ ಕ್ಲೈಂಟ್’ ಅಂತ ಕಂಡರೆ, ಅದು ಮನೆಯ ಕಂಪ್ಯೂಟರ್‌ನಲ್ಲಿ ಇರಬೇಕಾದ ಲೈಸೆನ್ಸೇ ಅಲ್ಲ. ಕೆಎಂಎಸ್ ದೊಡ್ಡ ಸಂಸ್ಥೆಗಳ ಒಳಗಿನ ಸರ್ವರ್ ಜೊತೆ ನಡೆಯುವ ವ್ಯವಸ್ಥೆ, 180 ದಿನಕ್ಕೊಮ್ಮೆ ಅವಧಿ ಮುಗಿಯುತ್ತದೆ. ನಿಮ್ಮ ಮನೆಯಲ್ಲಿ ಅದು ಮುಗಿಯದೇ ನಡೆಯುತ್ತಿದ್ದರೆ ಹಿಂದೆ ಒಂದು ಕ್ರ್ಯಾಕ್ ಪ್ರೋಗ್ರಾಂ ಕೂತು ಪದೇ ಪದೇ ನವೀಕರಿಸುತ್ತಿದೆ ಅಂತ ಅರ್ಥ. ಅಂಥದ್ದನ್ನು ಹಾಕುವಾಗ ಆಂಟಿವೈರಸ್ ಆಫ್ ಮಾಡಿರುತ್ತಾರೆ. ಜೊತೆಗೆ ಇನ್ನೇನು ಒಳಗೆ ಬಂತು ಅಂತ ಹೇಳುವುದು ಹೇಗೆ?

ಈ ಪರೀಕ್ಷೆಯಲ್ಲಿ ಪಾಸಾದರೆ ಒರಿಜಿನಲ್ ಅಂತ ಖಾತ್ರಿ ಇಲ್ಲ, ಕೆಲವು ಕ್ರ್ಯಾಕ್‌ಗಳು ಇಲ್ಲೂ ಸಿಕ್ಕಿಬೀಳುವುದಿಲ್ಲ. ಫೇಲಾದರೆ ಮಾತ್ರ ಡಿಸ್ಕ್ ಪೂರ್ತಿ ಅಳಿಸಿ ಹೊಸದಾಗಿ ಹಾಕುವುದೇ ಒಳ್ಳೆಯದು.

ಆಕ್ಟಿವೇಟ್ ಮಾಡದೇ ಹಾಗೇ ಬಳಸಿದ್ರೆ?

ನಡೆಯುತ್ತದೆ. ಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಅನ್ನುವ ಮಸುಕಾದ ಬರಹ ಬರುತ್ತದೆ, ಸೆಟ್ಟಿಂಗ್ಸ್‌ನಲ್ಲಿ ವಾಲ್‌ಪೇಪರ್, ಬಣ್ಣ ಬದಲಿಸಲು ಬಿಡುವುದಿಲ್ಲ. ಲೈಸೆನ್ಸ್ ಬರುವವರೆಗೆ ಯಂತ್ರ ಪರೀಕ್ಷಿಸಲು ಸಾಕು. ಶಾಶ್ವತವಾಗಿ ಹೀಗೆ ಬಳಸಲು ಲೈಸೆನ್ಸ್ ಷರತ್ತು ಒಪ್ಪುವುದಿಲ್ಲ.

ಹೋಮ್ ಸಾಕಾ, ಪ್ರೊ ಬೇಕಾ?

ಮನೆಗೆ ಹೋಮ್ ಸಾಕು. ಬೇರೆ ಕಡೆಯಿಂದ ಈ ಯಂತ್ರಕ್ಕೆ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಬರಬೇಕು, ಆಫೀಸಿನ ಡೊಮೇನ್‌ಗೆ (ಅವರ ನೆಟ್‌ವರ್ಕ್ ನಿರ್ವಹಣೆಗೆ) ಸೇರಿಸಬೇಕು, ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಬಿಟ್‌ಲಾಕರ್‌ನ ಎಲ್ಲ ಹಿಡಿತ ಬೇಕು ಅಂದರೆ ಪ್ರೊ.

ಲಿನಕ್ಸ್ ಮೊದಲ ಸಲ ಹಾಕ್ತಿದ್ದೀನಿ. ಯಾವುದು ಒಳ್ಳೇದು?

ಲಿನಕ್ಸ್ ಮಿಂಟ್ ಅಥವಾ ಉಬುಂಟುವಿನ ಎಲ್‌ಟಿಎಸ್ (ದೀರ್ಘಕಾಲ ಅಪ್‌ಡೇಟ್ ಸಿಗುವ ಆವೃತ್ತಿ). ಉಬುಂಟು ಎಲ್‌ಟಿಎಸ್ ಎರಡು ವರ್ಷಕ್ಕೊಮ್ಮೆ ಬರುತ್ತದೆ, 5 ವರ್ಷ ಅಪ್‌ಡೇಟ್ ಸಿಗುತ್ತದೆ. ಮಿಂಟ್ ಅದರ ಮೇಲೇ ಕಟ್ಟಿದ್ದು, ವಿಂಡೋಸ್‌ನಿಂದ ಬಂದವರ ಕೈಗೆ ಬೇಗ ಹತ್ತುತ್ತದೆ. ಯಂತ್ರ ತೀರಾ ಹೊಸ ಮಾಡೆಲ್ ಆಗಿದ್ದರೆ ಫೆಡೋರಾ ನೋಡಿ. ಅದು 6 ತಿಂಗಳಿಗೊಮ್ಮೆ ಬರುತ್ತದೆ, ಕರ್ನಲ್ (ಹಾರ್ಡ್‌ವೇರ್ ಜೊತೆ ಮಾತಾಡುವ ಓಎಸ್‌ನ ತಿರುಳು) ಹೊಸದಿರುತ್ತದೆ.

ಯಾವ ಲಿನಕ್ಸ್ ಅನ್ನುವುದಕ್ಕಿಂತ ನಿಮ್ಮ ಕೆಲಸದ ಸಾಫ್ಟ್‌ವೇರ್ ಯಾವುದು ಅನ್ನುವುದು ಮುಖ್ಯ. ಫೋಟೋಶಾಪ್, ಡೆಸ್ಕ್‌ಟಾಪ್‌ನ ಎಂಎಸ್ ಆಫೀಸ್ ಲಿನಕ್ಸ್‌ಗೆ ಬರುವುದಿಲ್ಲ. ಆ್ಯಂಟಿ-ಚೀಟ್ ಇರುವ ಕೆಲವು ಆನ್‌ಲೈನ್ ಆಟಗಳು ನಡೆಯುವುದಿಲ್ಲ. ಕೆಲಸವೆಲ್ಲ ಬ್ರೌಸರ್‌ನಲ್ಲೇ ಆದರೆ ಏನೂ ತೊಂದರೆ ಇಲ್ಲ.

ಈ ಮಾಡೆಲ್‌ನಲ್ಲಿ ಲಿನಕ್ಸ್ ಸರಿಯಾಗಿ ನಡೆಯುತ್ತಾ ಅಂತ ಕೊಳ್ಳೋ ಮೊದಲೇ ತಿಳಿಯೋದು ಹೇಗೆ?

ತೊಂದರೆ ಕೊಡುವವು ನಾಲ್ಕೇ: ವೈಫೈ ಚಿಪ್, ಫಿಂಗರ್‌ಪ್ರಿಂಟ್ ರೀಡರ್, ಹೊಸ ಬಗೆಯ ವೆಬ್‌ಕ್ಯಾಮ್, ಎನ್‌ವಿಡಿಯಾ ಗ್ರಾಫಿಕ್ಸ್. ಇಂಟೆಲ್ ವೈಫೈ ಇದ್ದರೆ ನೆಮ್ಮದಿ. ಬ್ರಾಡ್‌ಕಾಮ್ ಆದರೆ ಎರಡು ಸಲ ಯೋಚಿಸಿ. ಮಾಡೆಲ್ ಬಂದು ಆರು ತಿಂಗಳಾಗಿದ್ದರೆ ಕರ್ನಲ್ ಅಷ್ಟರಲ್ಲಿ ಅದನ್ನು ಗುರುತಿಸಲು ಕಲಿತಿರುವ ಸಾಧ್ಯತೆ ಜಾಸ್ತಿ. ಸ್ನ್ಯಾಪ್‌ಡ್ರ್ಯಾಗನ್ ಪ್ರೊಸೆಸರ್‌ನ ಲ್ಯಾಪ್‌ಟಾಪ್‌ಗಳನ್ನು ಲಿನಕ್ಸ್‌ಗಾಗಿ ಸದ್ಯಕ್ಕೆ ಕೊಳ್ಳಬೇಡಿ. ಎಕ್ಸ್86 (ಇಂಟೆಲ್, ಎಎಂಡಿ) ಯಂತ್ರಗಳ ಹಾಗೆ ಯಾವುದೋ ಒಂದು ಪೆನ್‌ಡ್ರೈವ್ ಹಾಕಿದರೆ ಅಲ್ಲಿ ಬೂಟ್ ಆಗುವುದಿಲ್ಲ.

## ಮನೆಗೆ ತಂದ ಮೇಲೆ

ನನ್ನ ಹತ್ರ ಬೇರೆ ಕಂಪ್ಯೂಟರೇ ಇಲ್ಲ. ಪೆನ್‌ಡ್ರೈವ್ ತಯಾರು ಮಾಡೋದು ಹೇಗೆ?

ಯಾರ ಹತ್ತಿರವಾದರೂ ಒಂದು ಗಂಟೆ ಕಂಪ್ಯೂಟರ್ ಕೇಳಿ ಪಡೆಯುವುದೇ ಸುಲಭ. ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು, ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ವಿಂಡೋಸ್ ಆದರೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್ ಅಥವಾ ರೂಫಸ್, ಲಿನಕ್ಸ್ ಆದರೆ ರೂಫಸ್ ಅಥವಾ ಬಲೆನಾ ಎಚರ್. ಡೌನ್‌ಲೋಡ್ ಮಾಡಿದ ಐಎಸ್ಒ ಫೈಲನ್ನು (ಓಎಸ್ ಪೂರ್ತಿ ತುಂಬಿದ ಒಂದೇ ಫೈಲ್) ಪೆನ್‌ಡ್ರೈವ್‌ಗೆ ಸುಮ್ನೆ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ. ಲಿನಕ್ಸ್ ಐಎಸ್ಒ ಆದರೆ ಫೋನ್‌ಗೆ ಪೆನ್‌ಡ್ರೈವ್ ಜೋಡಿಸುವ ಓಟಿಜಿ ಕೇಬಲ್ ಹಾಕಿ ಆ್ಯಂಡ್ರಾಯ್ಡ್ ಫೋನ್‌ನಿಂದಲೂ ಬರೆಯಬಹುದು, ಎಚ್‌ಡ್ರಾಯ್ಡ್ ಅನ್ನುವ ಆ್ಯಪ್ ಇದೆ. ವಿಂಡೋಸ್ ಐಎಸ್ಒ ಅದರಲ್ಲಿ ಆಗುವುದಿಲ್ಲ.

ಓಎಸ್ ಹಾಕೋ ಮೊದಲು ಲ್ಯಾಪ್‌ಟಾಪ್ ಸರಿ ಇದೆಯಾ ಅಂತ ನೋಡ್ಬಹುದಾ?

ನೋಡಲೇಬೇಕು, ಅದೂ ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು. ನೀವು ಕೊನೆಗೆ ವಿಂಡೋಸ್ ಹಾಕುವವರಾದರೂ ಪರವಾಗಿಲ್ಲ, ಮೊದಲು ಒಂದು ಲಿನಕ್ಸ್ ಪೆನ್‌ಡ್ರೈವ್ ಹಾಕಿ, ಎಫ್12 ಅಥವಾ ನಿಮ್ಮ ಕಂಪನಿಯ ಬೂಟ್ ಮೆನು ಕೀ ಒತ್ತಿ, ಇನ್‌ಸ್ಟಾಲ್ ಮಾಡದೆ ‘ಟ್ರೈ’ ಅಂತ ಓಡಿಸಿ. ಡಿಸ್ಕ್‌ಗೆ ಏನೂ ಆಗುವುದಿಲ್ಲ. ವೈಫೈ ಹತ್ತುತ್ತದೆಯಾ, ಸ್ಪೀಕರ್, ಕ್ಯಾಮೆರಾ, ಒಂದೊಂದು ಕೀ, ಒಂದೊಂದು ಯುಎಸ್‌ಬಿ ಜಾಗ ನೋಡಿ. ಇಡೀ ಸ್ಕ್ರೀನ್ ಬಿಳಿ, ಆಮೇಲೆ ಕಪ್ಪು ಮಾಡಿ ಸತ್ತ ಚುಕ್ಕಿ ಇದೆಯಾ ನೋಡಿ. ‘ಡಿಸ್ಕ್ಸ್’ ಅನ್ನುವ ಪ್ರೋಗ್ರಾಂನಲ್ಲಿ ಸ್ಮಾರ್ಟ್ (ಡಿಸ್ಕ್ ತನ್ನ ಸ್ಥಿತಿಯನ್ನು ತಾನೇ ದಾಖಲಿಸುವ ವ್ಯವಸ್ಥೆ) ಮಾಹಿತಿ ತೆರೆದರೆ ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ ಅಂತ ಬರುತ್ತದೆ. ಹೊಸದು ಅಂತ ಮಾರಿದ್ದರಲ್ಲಿ ನೂರಾರು ಗಂಟೆ ಕಂಡರೆ ಅದು ಹೊಸದಲ್ಲ.

ವಿಂಡೋಸ್ ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣ್ತಿಲ್ಲ. ಎಸ್‌ಎಸ್‌ಡಿ ಹೋಗಿದೆಯಾ?

ಬಯಾಸ್‌ನಲ್ಲಿ ಎಸ್‌ಎಸ್‌ಡಿ ಕಾಣುತ್ತಿದ್ದರೆ ಹೋಗಿಲ್ಲ. 11ನೇ ಪೀಳಿಗೆಯಿಂದ ಈಚೆಗಿನ ಇಂಟೆಲ್ ಯಂತ್ರಗಳಲ್ಲಿ ಇದು ಮಾಮೂಲಿ. ಡಿಸ್ಕ್‌ಗಳನ್ನು ನಿರ್ವಹಿಸುವ ವಿಎಂಡಿ ಅನ್ನುವ ವ್ಯವಸ್ಥೆ ಆನ್ ಇರುತ್ತದೆ, ಅದರ ಡ್ರೈವರ್ ಇನ್‌ಸ್ಟಾಲರ್‌ನಲ್ಲಿ ಇರುವುದಿಲ್ಲ. ಲ್ಯಾಪ್‌ಟಾಪ್ ಕಂಪನಿಯ ಸೈಟಿನಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಬಿಡಿಸಿ, ಪೆನ್‌ಡ್ರೈವ್‌ನ ಒಂದು ಫೋಲ್ಡರ್‌ಗೆ ಹಾಕಿ. ಡಿಸ್ಕ್ ಆರಿಸುವ ಹಂತದಲ್ಲಿ ‘ಲೋಡ್ ಡ್ರೈವರ್’ ಒತ್ತಿ ಆ ಫೋಲ್ಡರ್ ತೋರಿಸಿ. ಇಲ್ಲವಾದರೆ ಬಯಾಸ್‌ನಲ್ಲಿ ವಿಎಂಡಿ ಆಫ್ ಮಾಡಿ. ಡಿಸ್ಕ್ ಖಾಲಿ ಇರುವಾಗ ಆಫ್ ಮಾಡಿದರೆ ಏನೂ ನಷ್ಟ ಇಲ್ಲ. ವಿಂಡೋಸ್ ಹಾಕಿದ ಮೇಲೆ ಬದಲಿಸಿದರೆ ಅದು ಬೂಟ್ ಆಗದೆ ನಿಲ್ಲುತ್ತದೆ.

ಇಂಟರ್ನೆಟ್ ಇಲ್ಲದೆ ಮುಂದೆ ಹೋಗೋಕೆ ಬಿಡ್ತಿಲ್ಲ, ವೈಫೈ ಡ್ರೈವರ್ ಇಲ್ಲ. ಏನ್ ಮಾಡ್ಲಿ?

ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ. ಆ್ಯಂಡ್ರಾಯ್ಡ್ ಆದರೆ ವಿಂಡೋಸ್ ಅದನ್ನು ಕೇಬಲ್ ಇಂಟರ್ನೆಟ್ ಅಂತ ಗುರುತಿಸುತ್ತದೆ. ಮುಂದೆ ವಿಂಡೋಸ್ ಅಪ್‌ಡೇಟ್ ತಾನೇ ವೈಫೈ ಡ್ರೈವರ್ ತಂದುಕೊಳ್ಳುತ್ತದೆ.

ಜೋಡಿಸಿದ ಡೆಸ್ಕ್‌ಟಾಪ್ ಹೊಸದೇ, ಆದ್ರೂ ವಿಂಡೋಸ್ 11ಕ್ಕೆ ಆಗಲ್ಲ ಅಂತ ಬರ್ತಿದೆ?

ವಿಂಡೋಸ್ 11 ಕೇಳುವ ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬಯಾಸ್‌ನಲ್ಲಿ ಆಫ್ ಆಗಿರುವ ಸಾಧ್ಯತೆ ಇದೆ. ಇಂಟೆಲ್ ಬೋರ್ಡ್‌ನಲ್ಲಿ ಪಿಟಿಟಿ, ಎಎಂಡಿ ಬೋರ್ಡ್‌ನಲ್ಲಿ ಎಫ್‌ಟಿಪಿಎಂ ಅಂತ ಹೆಸರಿರುತ್ತದೆ, ಆನ್ ಮಾಡಿ. ಸಿಎಸ್ಎಂ (ಹಳೆಯ ಬಯಾಸ್‌ನಂತೆ ನಡೆಸುವ ಆಯ್ಕೆ) ಅಂತ ಇದ್ದರೆ ಆಫ್ ಮಾಡಿ.

## ಸ್ವಲ್ಪ ಆಳಕ್ಕೆ

ಲಿನಕ್ಸ್ ಹಾಕೋಕೆ ಸೆಕ್ಯೂರ್ ಬೂಟ್ ಆಫ್ ಮಾಡ್ಲೇಬೇಕಾ?

ಬೇಡ. ಸೆಕ್ಯೂರ್ ಬೂಟ್ ಅಂದರೆ ಒಪ್ಪಿತ ಸಹಿ ಇರುವ ಓಎಸ್ ಮಾತ್ರ ಶುರುವಾಗಲು ಬಿಡುವ ಬಯಾಸ್ ಆಯ್ಕೆ. ಉಬುಂಟು, ಫೆಡೋರಾ, ಓಪನ್‌ಸೂಸೆ, 2019ರ ಡೆಬಿಯನ್ 10ರಿಂದ ಈಚೆಗಿನ ಡೆಬಿಯನ್ ಎಲ್ಲವೂ ಅದು ಆನ್ ಇದ್ದರೂ ಬೂಟ್ ಆಗುತ್ತವೆ. ಇವುಗಳಲ್ಲಿ ಬೂಟ್ ಆಗುವಾಗ ಮೊದಲು ಓಡುವ ಸಣ್ಣ ಪ್ರೋಗ್ರಾಂ ಆದ ಶಿಮ್‌ಗೆ ಮೈಕ್ರೋಸಾಫ್ಟ್ ಸಹಿ ಇರುತ್ತದೆ. ಬೂಟ್ ಆಗದಿದ್ದರೆ ಬಯಾಸ್‌ನಲ್ಲಿ ‘ಥರ್ಡ್ ಪಾರ್ಟಿ’ ಸರ್ಟಿಫಿಕೇಟ್ ಒಪ್ಪುವ ಆಯ್ಕೆ ಇದೆಯಾ ನೋಡಿ, ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ಆಫ್ ಆಗಿ ಬರುತ್ತದೆ. 2011ರ ಹಳೆಯ ಸರ್ಟಿಫಿಕೇಟ್‌ಗಳ ಅವಧಿ 2026ರ ಜೂನ್‌ನಿಂದ ಮುಗಿಯುತ್ತದೆ, 2023ರ ಹೊಸವು ಬಯಾಸ್ ಅಪ್‌ಡೇಟ್ ಜೊತೆ ಬರುತ್ತವೆ. ಗೋಡೌನಿನಲ್ಲಿ ಬಹಳ ದಿನ ಕೂತಿದ್ದ ಯಂತ್ರವಾದರೆ ಬಯಾಸ್ ಅಪ್‌ಡೇಟ್ ಮಾಡಿಕೊಂಡೇ ಶುರು ಮಾಡಿ.

ಸೆಕ್ಯೂರ್ ಬೂಟ್ ಆನ್ ಇದ್ದು ಎನ್‌ವಿಡಿಯಾ ಡ್ರೈವರ್ ಹಾಕುವಾಗ ಹೊಸ ಪಾಸ್‌ವರ್ಡ್ ಒಂದನ್ನು ಇಡಲು ಕೇಳಬಹುದು. ರೀಸ್ಟಾರ್ಟ್ ಆದಾಗ ನೀಲಿ ಸ್ಕ್ರೀನ್ ಬಂದು ಹತ್ತರಿಂದ ಕೆಳಗೆ ಎಣಿಸುತ್ತದೆ. ಗಾಬರಿಯಾಗಿ ಸುಮ್ಮನೆ ಕೂರಬೇಡಿ. ಅಷ್ಟರೊಳಗೆ ಯಾವುದಾದರೂ ಕೀ ಒತ್ತಿ, ‘ಎನ್‌ರೋಲ್ ಎಂಒಕೆ’ ಆರಿಸಿ, ಅದೇ ಪಾಸ್‌ವರ್ಡ್ ಕೊಡಿ. ಎಣಿಕೆ ಮುಗಿದುಹೋದರೆ ಡ್ರೈವರ್ ಲೋಡ್ ಆಗುವುದಿಲ್ಲ.

ವಿಂಡೋಸ್, ಲಿನಕ್ಸ್ ಎರಡೂ ಬೇಕು. ಖಾಲಿ ಡಿಸ್ಕ್‌ನಲ್ಲಿ ಹೇಗೆ ಶುರು ಮಾಡ್ಲಿ?

ಖಾಲಿ ಡಿಸ್ಕ್ ಸಿಕ್ಕಿರುವುದೇ ನಿಮ್ಮ ಅದೃಷ್ಟ, ಅದನ್ನು ಬಳಸಿಕೊಳ್ಳಿ. ವಿಂಡೋಸ್ ತಾನಾಗಿ ಹಾಕಿಕೊಂಡರೆ ಇಎಫ್ಐ ಪಾರ್ಟಿಷನ್‌ಗೆ (ಬೂಟ್ ಫೈಲ್‌ಗಳನ್ನು ಇಡುವ ಡಿಸ್ಕ್‌ನ ಭಾಗ) ಸಾಮಾನ್ಯವಾಗಿ 100 ಎಂಬಿ ಮಾತ್ರ ಇಡುತ್ತದೆ, ಎರಡು ಓಎಸ್‌ಗೆ ಅದು ಇಕ್ಕಟ್ಟು. ಮೊದಲು ಲಿನಕ್ಸ್ ಪೆನ್‌ಡ್ರೈವ್‌ನಿಂದ ಓಡಿಸಿ ಡಿಸ್ಕ್‌ಗೆ ಜಿಪಿಟಿ ಮಾದರಿಯ ಪಾರ್ಟಿಷನ್ ಟೇಬಲ್ ಹಾಕಿ 1 ಜಿಬಿಯ ಇಎಫ್ಐ ಪಾರ್ಟಿಷನ್ ಮಾಡಿಬಿಡಿ. ಆಮೇಲೆ ವಿಂಡೋಸ್, ಕೊನೆಗೆ ಲಿನಕ್ಸ್. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಇಲ್ಲದಿದ್ದರೆ ಲಿನಕ್ಸ್‌ನಿಂದ ವಿಂಡೋಸ್‌ನ ಪಾರ್ಟಿಷನ್‌ಗೆ ಬರೆಯಲು ಆಗುವುದಿಲ್ಲ. ಮೈಕ್ರೋಸಾಫ್ಟ್ ಅಕೌಂಟ್ ಹಾಕಿದರೆ ಡಿಸ್ಕ್ ತಾನೇ ಎನ್‌ಕ್ರಿಪ್ಟ್ ಆಗಿರಬಹುದು. ರಿಕವರಿ ಕೀ ಬರೆದಿಟ್ಟುಕೊಂಡೇ ಬಯಾಸ್ ಸೆಟ್ಟಿಂಗ್ ಮುಟ್ಟಿ.

ಬಯಾಸ್ ಅಪ್‌ಡೇಟ್ ವಿಂಡೋಸ್ ಫೈಲ್ ಆಗಿ ಮಾತ್ರ ಸಿಗುತ್ತೆ. ಲಿನಕ್ಸ್ ಇರೋರು ಏನ್ ಮಾಡ್ಬೇಕು?

ಲಿನಕ್ಸ್‌ನಲ್ಲಿ ಬಯಾಸ್ ಅಪ್‌ಡೇಟ್ ತರುವ ಎಫ್‌ಡಬ್ಲ್ಯುಅಪ್‌ಡಿ ಅನ್ನುವ ವ್ಯವಸ್ಥೆ ಇದೆ. ಡೆಲ್, ಲೆನೊವೊದ ಎಷ್ಟೋ ಮಾಡೆಲ್‌ಗಳ ಅಪ್‌ಡೇಟ್ ಅದರ ಮೂಲಕ ಲಿನಕ್ಸ್‌ನಲ್ಲೇ ಬರುತ್ತದೆ. ಅಲ್ಲಿ ಇಲ್ಲದಿದ್ದರೆ ಬಯಾಸ್ ಒಳಗೆ ಅಥವಾ ಬೂಟ್ ಮೆನುವಿನಲ್ಲಿ ‘ಫ್ಲ್ಯಾಶ್’ ಅಥವಾ ‘ಅಪ್‌ಡೇಟ್’ ಅಂತ ಒಂದು ಆಯ್ಕೆ ಹುಡುಕಿ. ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನಲ್ಲಿ ಫೈಲ್ ಇಟ್ಟರೆ ಅದೇ ಓದಿಕೊಳ್ಳುತ್ತದೆ. ಚಾರ್ಜರ್ ಹಾಕಿಟ್ಟೇ ಮಾಡಿ, ಮುಗಿಯುವವರೆಗೆ ಪವರ್ ಬಟನ್ ಮುಟ್ಟಬೇಡಿ.